ಕಾಕು ತಂದ ಫಾರ್ಮು



ಮೊನ್ನೆ ಶಿವಾಜಿನಗರದ ನಮ್ಮ ಮನೆಗೆ ಬಂದ ಕಾಕು ಇಂಗ್ಲಿಷ್ ಫಾರ್ಮೊಂದನ್ನು ಮುಂದಿಟ್ಟು, "ನೀ ಬಿ.ಎ. ಮಾಡಿದಾಕಿ, ಇದರಾಗ ಏನದ ಓದಿ ಹೇಳು" ಎಂದರು. ಜನ್ಮದಲ್ಲಿ ಬೀಡಿ ಸಿಗರೇಟು ಮುಟ್ಟದ ಅವರಿಗೆ ಶ್ವಾಸಕೋಶದ ಕ್ಯಾನ್ಸರ್. ಹೊಸ ಗುಳಿಗೆಯೊಂದರ ಪ್ರಯೋಗಕ್ಕೆ ಸೇರುವಿರಾ ಎಂದು ಡಾಕ್ಟರು ಕೇಳಿದ್ದಾರೆ. "ನಾ ಏನು ಇಲೀನ?" ಎಂಬುದು ಕಾಕುವಿನ ಪ್ರಶ್ನೆ.

ನಾನು ಓದಿದ ಶೇಕ್ಸ್‌ಪಿಯರ್ ಆ ಫಾರ್ಮಿಗೆ ಉಪಯೋಗಕ್ಕೆ ಬರಲಿಲ್ಲ! ಎರಡು ದಿನ ಕೂತು ತಿಳಿದುಕೊಂಡೆ.

ಕೆಲವರ ಗಡ್ಡೆಯಲ್ಲಿ ಇಜಿಎಫ್ಆರ್ ಎಂಬ ಜೀನ್ ಬದಲಾಗಿ, "ಬೆಳೆ, ಬೆಳೆ" ಎಂದು ಜೀವಕೋಶಕ್ಕೆ ಸದಾ ಹೇಳುತ್ತಿರುತ್ತದೆ. ಧೂಮಪಾನ ಮಾಡದವರಲ್ಲೇ ಇದು ಹೆಚ್ಚು. ಜೆಫಿಟಿನಿಬ್ ಎಂಬ ಗುಳಿಗೆ ಅದರ ಬಾಯಿ ಮುಚ್ಚಿಸುತ್ತದೆ. ಆದರೆ ಎಲ್ಲರಿಗೂ ಅಲ್ಲ. ಏಷ್ಯಾದ 1,217 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಜೀನ್ ಬದಲಾದವರಲ್ಲಿ ಗುಳಿಗೆ ಕೀಮೋಗಿಂತ ಹೆಚ್ಚು ಕಾಲ ರೋಗವನ್ನು ತಡೆಯಿತು. ಬದಲಾಗದವರಿಗೆ ಕೀಮೋನೇ ಮೇಲಾಯಿತು. ಗಡ್ಡೆಯ ಚೂರಿನ ವರದಿ ಬರುವ ಮೊದಲೇ ಗುಳಿಗೆಗೆ ಅವಸರ ಮಾಡಬಾರದೆಂಬುದು ಇದಕ್ಕೇ.

ಗುಳಿಗೆ, ಕೀಮೋ ಎರಡನ್ನೂ ಕೊಟ್ಟರೆ? ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 2016ರಿಂದ 2018ರವರೆಗೆ ಇಂಥ 350 ರೋಗಿಗಳನ್ನು ಸೇರಿಸಿಕೊಂಡು ನೋಡಿದರು. ಗುಳಿಗೆ ಮಾತ್ರ ಪಡೆದವರಲ್ಲಿ ರೋಗ ಸುಮಾರು 8 ತಿಂಗಳು ಹಿಡಿತದಲ್ಲಿತ್ತು, ಎರಡನ್ನೂ ಪಡೆದವರಲ್ಲಿ 16 ತಿಂಗಳು. ಆದರೆ ತೀವ್ರವಾದ ಅಡ್ಡಪರಿಣಾಮಗಳು ನೂರಕ್ಕೆ 25 ಇದ್ದದ್ದು 51 ಆಯಿತು. ಈ ಎರಡನೆಯ ಲೆಕ್ಕವನ್ನು ಉತ್ಸಾಹದಲ್ಲಿ ಮರೆಯುವವರೇ ಬಹಳ.

ಯಾರಿಗೆ ಯಾವ ಔಷಧ ಎಂಬುದು ಚೀಟಿ ಎತ್ತಿದ ಹಾಗೆ ಎಂದಾಗ ಕಾಕು ಸಿಟ್ಟಾದರು. "ಡಾಕ್ಟರು ಆರಿಸಬಾರದೇನು?" ಆರಿಸಿದರೆ ಗಟ್ಟಿಮುಟ್ಟಾದವರು ಒಂದೇ ಕಡೆ ಸೇರಿ ಲೆಕ್ಕವೇ ತಪ್ಪೀತು ಎಂದೆ. "ನಡುವ ಬಿಟ್ಟರ?" ಯಾವಾಗ ಬೇಕಾದರೂ ಬಿಡಬಹುದು, ಆಮೇಲೂ ಚಿಕಿತ್ಸೆ ಸಿಗುತ್ತದೆ ಎಂದು ಫಾರ್ಮಿನಲ್ಲೇ ಇದೆ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕೆಂದು 2019ರ ಸರಕಾರಿ ನಿಯಮಗಳೂ ಹೇಳುತ್ತವೆ.

ಮಕ್ಕಳೇ, ನಿಮ್ಮ ಇಂಗ್ಲಿಷು ನನ್ನದಕ್ಕಿಂತ ಚುರುಕು. ಅಜ್ಜಿಯೊಡನೆ ಆಡುವಷ್ಟು ಕನ್ನಡವೂ ನಿಮಗುಂಟು. ಮನೆಗೆ ಇಂಥ ಫಾರ್ಮು ಬಂದರೆ "ಇಲ್ಲಿ ಸಹಿ ಮಾಡು" ಎಂದು ಬೆರಳು ತೋರಿಸಿ ಎದ್ದು ಹೋಗಬೇಡಿ. ಪಕ್ಕದಲ್ಲಿ ಕೂತು ಓದಿ ಹೇಳಿ. ತನಗೆ ತಿಳಿಯುವ ಭಾಷೆಯಲ್ಲೇ ಫಾರ್ಮು ಕೇಳುವ ಹಕ್ಕು ರೋಗಿಗಿದೆ, ಅದನ್ನೂ ಹೇಳಿ.

ಕಾಕು ಇನ್ನೂ ಸಹಿ ಮಾಡಿಲ್ಲ. ಡಾಕ್ಟರಿಗೆ ಕೇಳಲು ಮೂರು ಪ್ರಶ್ನೆಗಳನ್ನು ನನ್ನಿಂದ ಬರೆಸಿಕೊಂಡಿದ್ದಾರೆ. ಕನ್ನಡದ ಫಾರ್ಮು ಕೊಡುತ್ತೀರಾ ಎಂಬುದು ಮೊದಲನೆಯದು.