ಸಾಲ, ಸೂರು, ಮಳೆ: ಮಲೆನಾಡಿನ ಮೂರು ತಾಲ್ಲೂಕುಗಳ ನಿವಾಸಿಗಳ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಚಿಕ್ಕಮಗಳೂರು ಜಿಲ್ಲೆ

ಇವರಿಂದ,
ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ನಿವಾಸಿಗಳು

ವಿಷಯ: ಸಾಲದ ಹೊರೆ ಹಾಗೂ ಹಕ್ಕುಪತ್ರದ ಕೊರತೆಯಿಂದ ಮನೆ ಕಳೆದುಕೊಳ್ಳುವ ಭೀತಿಯಲ್ಲಿರುವ ಕುಟುಂಬಗಳಿಗೆ ರಕ್ಷಣೆ ಕೋರಿ.

ಮಾನ್ಯರೇ,

ನಮ್ಮ ಕಡೆಯ ದುಡಿಯುವ ಮನೆಗಳಿಗೆ ದುಡ್ಡು ಬರುವುದು ಕಾಲ ನೋಡಿಕೊಂಡು. ಅಡಿಕೆ ಕೊನೆ ಇಳಿದ ಮೇಲೆ ಸುಲಿಯುವ ಕೆಲಸ, ಅದರ ಬೆನ್ನಿಗೇ ಕಾಫಿ ಕುಯ್ಲು. ಮಳೆ ಹಿಡಿಯಿತೆಂದರೆ ಕೂಲಿ ಸಿಕ್ಕ ದಿನಕ್ಕಿಂತ ಸಿಗದ ದಿನವೇ ಹೆಚ್ಚು. ಸಂಘದಲ್ಲಿ ಎತ್ತಿದ ಕಿರುಸಾಲದ ಕಂತು ಮಾತ್ರ ಆಷಾಢದಲ್ಲೂ ವಾರ ತಪ್ಪುವುದಿಲ್ಲ. ಗುಂಪಿನಲ್ಲಿ ಒಬ್ಬಳು ಕಟ್ಟಲಾಗದಿದ್ದರೆ ಉಳಿದವರು ತುಂಬಬೇಕು. ಆ ವಾರದ ಕಂತು ಹೇಗೋ ಸಂದಾಯವಾಗುತ್ತದೆ, ಅಕ್ಕಪಕ್ಕದ ಮನೆಗಳ ನಡುವೆ ಮಾತು ನಿಲ್ಲುತ್ತದೆ. ಒಂದು ಕಂತು ಕಟ್ಟಲು ಇನ್ನೊಂದು ಸಂಸ್ಥೆಯಲ್ಲಿ ಸಾಲ ಎತ್ತುವುದು ಶುರುವಾಗುವುದೂ ಇದೇ ತಿಂಗಳುಗಳಲ್ಲಿ.

ಅಡಿಕೆಯ ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪದ ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿಯೂ ಸೇರಿಕೊಂಡಿದೆ. ಪರಿಹಾರದ ಮಾತು ಬಂದಾಗಲೆಲ್ಲ ತೋಟದ ಯಜಮಾನರ ಲೆಕ್ಕವಾಗುತ್ತದೆ, ಅದೂ ಆಗಬೇಕಾದದ್ದೇ. ಆದರೆ ಸುಲಿಯಲು ಅಡಿಕೆಯೇ ಇಲ್ಲದ ಮನೆಯಂಗಳದಲ್ಲಿ ಎಷ್ಟು ಹೆಂಗಸರ ಕೂಲಿ ಹೋಯಿತು ಎಂಬುದು ಯಾವ ಸಮೀಕ್ಷೆಯಲ್ಲೂ ಬರುವುದಿಲ್ಲ. ಬೆಳೆ ವಿಮೆಯೂ ಪಹಣಿ ಇದ್ದವರಿಗೆ.

ಭಾರತೀಯ ರಿಸರ್ವ್ ಬ್ಯಾಂಕಿನ 2022ರ ಕಿರುಸಾಲ ನಿರ್ದೇಶನ ತಮ್ಮ ಗಮನದಲ್ಲಿದೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬಕ್ಕೆ ಕೊಡುವ ಈ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತಿಲ್ಲ. ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ವಸೂಲಿಗಾಗಿ ಫೋನ್ ಮಾಡುವಂತಿಲ್ಲ. ಅದೇ ನಿರ್ದೇಶನದಲ್ಲಿ ಇನ್ನೊಂದು ಮಾತಿದೆ: ಕಂತಿನ ಅವಧಿಯನ್ನು ಸಾಲ ಪಡೆದವರ ಅಗತ್ಯಕ್ಕೆ ಹೊಂದಿಸುವ ನೀತಿ ಪ್ರತಿ ಸಂಸ್ಥೆಯಲ್ಲೂ ಇರಬೇಕು. ನಮ್ಮ ಮೊದಲ ಬೇಡಿಕೆ ನಿಂತಿರುವುದು ಇದರ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂತು ಇಳಿಸಿ, ಕುಯ್ಲಿನ ತಿಂಗಳುಗಳಲ್ಲಿ ಏರಿಸುವ ಮಲೆನಾಡಿನ ಕಂತು ಪಟ್ಟಿಯೊಂದನ್ನು ತಮ್ಮ ಅಧ್ಯಕ್ಷತೆಯ ಬ್ಯಾಂಕರುಗಳ ಸಭೆಯಲ್ಲಿ ಒಪ್ಪಿಸಿಕೊಡಿ. ಸಾಲ ಮನ್ನಾ ನಮ್ಮ ಬೇಡಿಕೆಯಲ್ಲ.

ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯಾಗಿ ತಂದು ನಂತರ ಕಾಯ್ದೆ ಮಾಡಿದ ಕಾನೂನಿನಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡವಿದೆ. ಅದರಡಿ ಜಿಲ್ಲೆಯ ನೋಂದಣಿ ಪ್ರಾಧಿಕಾರ ತಾವೇ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಸಂಸ್ಥೆಗಳು ಈ ನೋಂದಣಿಯಿಂದ ಹೊರಗಿವೆ. ಬೈಕಿನಲ್ಲಿ ಬಂದು ಜಗಲಿಯ ಮೇಲೆ ಕೂತವನು ಯಾವ ಪೈಕಿ ಎಂದು ತಿಳಿಯುವುದು ಹೇಗೆ? ಎರಡೂ ಬಗೆಯ ಸಂಸ್ಥೆಗಳ ಹೆಸರು, ದೂರು ಎಲ್ಲಿ ಕೊಡಬೇಕೆಂಬ ವಿವರ ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಇರಲಿ.

ಬ್ಯಾಂಕಿನಲ್ಲಿ ಮನೆ, ತೋಟ ಅಡವಿಟ್ಟ ಸಣ್ಣ ಬೆಳೆಗಾರರ ಕಷ್ಟ ಬೇರೆ ಬಗೆಯದು. 2002ರ ಸರ್ಫೇಸಿ ಕಾಯ್ದೆಯಡಿ ಬಾಕಿ ತೀರಿಸಲು ನೋಟಿಸಿನ ದಿನಾಂಕದಿಂದ 60 ದಿನ ಇರುತ್ತದೆ. ನೋಟಿಸಿನ ಭಾಷೆ ಅರ್ಥವಾಗುವುದರಲ್ಲೇ ಅರ್ಧ ಕಳೆಯುತ್ತದೆ. ಈ ಅವಧಿಯೊಳಗೆ ಮಾತುಕತೆಗೆ ಕೂರಿಸುವ ಏರ್ಪಾಡು ತಾಲ್ಲೂಕು ಮಟ್ಟದಲ್ಲೇ ಆಗಬೇಕು.

ಇನ್ನು ಹಕ್ಕುಪತ್ರ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರ 94ಸಿ ಅರ್ಜಿಗಳು ಕಂದಾಯ, ಅರಣ್ಯ ಇಲಾಖೆಗಳ ನಡುವೆ ಓಡಾಡುತ್ತಿವೆ. ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆಯಾಗಿ, ಅಂತಿಮ ಘೋಷಣೆಯಾಗದೆ ಉಳಿದ ಜಾಗಗಳಲ್ಲಿ ಗಡಿ ಯಾವುದೆಂದು ಇಲಾಖೆಗಳೇ ಒಪ್ಪಿಲ್ಲ. ಭದ್ರಾ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ನರಸಿಂಹರಾಜಪುರ ಭಾಗದ ಜನರ ಮೊಮ್ಮಕ್ಕಳೂ ಈ ಜಗ್ಗಾಟದಿಂದ ಹೊರಗಿಲ್ಲ. ಹಸಲರು, ಗೌಡಲು, ಮಲೆಕುಡಿಯ ಕುಟುಂಬಗಳಿಗೆ ಅರಣ್ಯ ಹಕ್ಕು ಕಾಯ್ದೆಯಂತೆ 2005ರ ಡಿಸೆಂಬರ್ 13ಕ್ಕೆ ಮುಂಚಿನ ವಾಸ ಸಾಕು. ಉಳಿದವರಿಗೆ 75 ವರ್ಷದ ವಾಸ ಬೇಕು. ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷ್ಯವೆಂದು ಆ ಕಾಯ್ದೆಯ ನಿಯಮ 13ರಲ್ಲಿದೆ. ಅರ್ಜಿಯ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಇದನ್ನು ಕೆಳಗಿನ ಸಿಬ್ಬಂದಿಗೆ ತಾವು ಬರೆದು ತಿಳಿಸಬೇಕು, ಜಂಟಿ ಸರ್ವೆಯನ್ನು ಜನವಸತಿಯಿರುವ ಸರ್ವೆ ನಂಬರುಗಳಿಂದಲೇ ಆರಂಭಿಸಬೇಕು. ಒತ್ತುವರಿಯಾದ ಪ್ಲಾಂಟೇಶನ್ ಜಮೀನನ್ನು 25 ಎಕರೆವರೆಗೆ 30 ವರ್ಷದ ಗುತ್ತಿಗೆಗೆ ಕೊಡಲು ಸರ್ಕಾರ ಭೂಕಂದಾಯ ಕಾಯ್ದೆಯನ್ನೇ ತಿದ್ದಿತು. ಅದಕ್ಕೆ ಸಿಕ್ಕ ವೇಗ ಮೂರಂಕಣದ ಮನೆಗೆ ಏಕೆ ಸಿಗಲಿಲ್ಲವೆಂದು ಕೇಳುವ ಹಕ್ಕು ನಮಗಿದೆ.

ಎಸ್ಟೇಟಿನ ಲೈನ್ ಮನೆಯಲ್ಲಿ ಆಯುಷ್ಯ ಕಳೆದವರಿಗೆ ಕೆಲಸ ಬಿಟ್ಟ ದಿನ ಮನೆಯೂ ಬಿಟ್ಟಂತೆ. ಇವರನ್ನು ವಸತಿರಹಿತರ ಪಟ್ಟಿಗೆ ಸೇರಿಸಿ ನಿವೇಶನ ಕೊಡಬೇಕು.

ಮಳೆಯಲ್ಲಿ ಮನೆ ಬಿದ್ದಾಗಿನ ಮಹಜರಿನ ಬಗ್ಗೆಯೂ ಒಂದು ಮಾತು. 2019ರ ಅತಿವೃಷ್ಟಿಯ ನಂತರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಗಿತ್ತು, ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಲಾಗಿತ್ತು. ಕಿಗ್ಗಾದಂಥ ಮಳೆಯ ಊರಿನಲ್ಲಿ ಮಣ್ಣಿನ ಗೋಡೆ ನೀರು ಕುಡಿದು, ಅಧಿಕಾರಿ ಬಂದು ಹೋದ ವಾರದ ಮೇಲೂ ಕುಸಿಯುತ್ತದೆ. ಆಗ ಕಡತದಲ್ಲಿ ಅದು ಬಿರುಕು ಬಿಟ್ಟ ಮನೆಯಾಗಿಯೇ ಉಳಿಯುತ್ತದೆ. ಎರಡನೇ ಮಹಜರಿಗೆ ಅವಕಾಶ ಬೇಕು. ಹಕ್ಕುಪತ್ರ ಇಲ್ಲವೆಂಬ ಕಾರಣಕ್ಕೆ ಪರಿಹಾರ ಕಡಿತವಾಗಬಾರದು.

ನಮ್ಮ ಕಡೆಯಿಂದ ಆಗುವುದನ್ನೂ ಹೇಳಬೇಕು. ಮುಯ್ಯಾಳು ಪದ್ಧತಿಯ ನೆನಪು ಇನ್ನೂ ಇರುವ ಊರುಗಳು ಇವು. ಬಿದ್ದ ಮನೆ ಎತ್ತಿ ನಿಲ್ಲಿಸಲು ಶ್ರಮ ನಾವು ಕೊಡುತ್ತೇವೆ. ಸ್ತ್ರೀಶಕ್ತಿ ಗುಂಪುಗಳು, ಸಂಜೀವಿನಿ ಒಕ್ಕೂಟಗಳ ಲೆಕ್ಕ ಬಲ್ಲ ಮಹಿಳೆಯರು ಮನೆಮನೆಯ ಸಾಲದ ಪಟ್ಟಿ ಮಾಡಿಕೊಡಲು ಸಿದ್ಧರಿದ್ದಾರೆ. ತಾಲ್ಲೂಕು ಕೇಂದ್ರದಲ್ಲೊಂದು ಕೋಣೆ, ವಾರಕ್ಕೊಂದು ದಿನ ಆರ್ಥಿಕ ಸಾಕ್ಷರತಾ ಕೇಂದ್ರದ ಸಲಹೆಗಾರರು, ಕಾನೂನು ಸೇವಾ ಸಮಿತಿಯ ವಕೀಲರು, ಕಂದಾಯ ನಿರೀಕ್ಷಕರು ಒಟ್ಟಿಗೆ ಕೂತರೆ ಸಾಕು. ಮಹಿಳೆಯರಿಗೆ, ಪರಿಶಿಷ್ಟರಿಗೆ ಉಚಿತ ಕಾನೂನು ನೆರವು 1987ರ ಕಾಯ್ದೆಯಲ್ಲೇ ಇದೆ. ಈಗ ಒಂದೊಂದಕ್ಕೆ ಒಂದೊಂದು ಕಚೇರಿ; ಚಿಕ್ಕಮಗಳೂರಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ.

ಬ್ಯಾಂಕರುಗಳು, ಅರಣ್ಯ ಮತ್ತು ಕಂದಾಯ ಅಧಿಕಾರಿಗಳನ್ನು ಕರೆಸಿ, ಮುಂಗಾರು ಹಿಡಿಯುವ ಮೊದಲು ಕೊಪ್ಪದಲ್ಲಿ ಸಭೆ ನಡೆಸಬೇಕೆಂದು, ಮೇಲಿನ ಬೇಡಿಕೆಗಳ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಮೂರು ತಾಲ್ಲೂಕುಗಳ ನಿವಾಸಿಗಳು
(ಸಹಿಗಳ ಪಟ್ಟಿ ಲಗತ್ತಿಸಿದೆ)

ಪ್ರತಿ: ತಹಶೀಲ್ದಾರರು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ