ಒಲೆಯ ಹೊಗೆ ಮತ್ತು ಹೃದಯ

ಹೃದಯಾಘಾತ ಪೇಟೆಯವರ ಕಾಯಿಲೆ, ಗುಡ್ಡ ಹತ್ತಿಳಿಯುವ ನಮಗೆ ಅದರ ಭಯವಿಲ್ಲ ಎಂಬ ನಂಬಿಕೆ ಮಲೆನಾಡಿನಲ್ಲಿ ಬಹುಕಾಲ ಉಳಿದುಬಂದಿದೆ. 2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಬಂದ ಸುದ್ದಿಗಳು ಈ ನಂಬಿಕೆಯನ್ನು ಅಲುಗಾಡಿಸಿದವು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂದು, ಅವರಲ್ಲಿ ಹಲವರು ಎಳೆಯ ವಯಸ್ಸಿನವರೆಂದು ಪತ್ರಿಕೆಗಳು ಬರೆದವು. ಗಾಬರಿಗೊಂಡ ಜನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಲಸಿಕೆಯ ಮೇಲೂ ಗುಮಾನಿ ಹಬ್ಬಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿಯು ಸಾವುಗಳು ಅಸಹಜವಾಗಿ ಏರಿಲ್ಲವೆಂದು ತಿಳಿಸಿ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನಗಳತ್ತ ಬೆರಳು ತೋರಿತು. ನನ್ನ ಮಟ್ಟಿಗೆ ಇದು ಸಮಾಧಾನದ ಸುದ್ದಿಯಲ್ಲ. ಅಸಹಜವಲ್ಲವೆಂದರೆ, ಇಂತಹ ಸಾವುಗಳು ಹಿಂದಿನ ವರ್ಷಗಳಲ್ಲಿಯೂ ಸದ್ದಿಲ್ಲದೆ ನಡೆಯುತ್ತಿದ್ದವು ಎಂದೇ ಅರ್ಥವಲ್ಲವೇ?

ಎಣ್ಣೆ ಕಡಿಮೆ ಮಾಡಿ, ನಡೆಯಿರಿ, ಬೀಡಿ ಬಿಡಿ ಎಂಬ ವೈದ್ಯರ ಮಾತು ನಿಜವೇ. ಆದರೆ ಜೀವಮಾನದಲ್ಲಿ ಒಂದು ಬೀಡಿಯನ್ನೂ ಸೇದದ ನಮ್ಮ ಹೆಣ್ಣುಮಕ್ಕಳು ದಿನವೂ ಕುಡಿಯುವ ಹೊಗೆಯ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಮನೆಗೆ ಗ್ಯಾಸ್ ಸಿಲಿಂಡರ್ ಬಂದಿದೆ, ಸರಿ. ಬಚ್ಚಲ ಹಂಡೆಯ ಕೆಳಗಿನ ಬೆಂಕಿ ಆರಿಲ್ಲ. ದನದ ಬಾಯರು ಬೇಯುವುದು ಸೌದೆಯಲ್ಲೇ. ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಒಲೆ ನಡುರಾತ್ರಿಯವರೆಗೂ ಉರಿಯುತ್ತದೆ. ಮಳೆಗಾಲದಲ್ಲಂತೂ ಹಸಿ ಸೌದೆ, ಮುಚ್ಚಿದ ಕಿಟಕಿ. ಹೊಗೆಗೆ ಹೋಗಲು ದಾರಿಯೇ ಇಲ್ಲ.

ಹೊಗೆಯಿಂದ ಕಣ್ಣುರಿ, ಕೆಮ್ಮು ಬರುವುದು ಎಲ್ಲರಿಗೂ ಗೊತ್ತು. ಹೃದಯಕ್ಕೂ ಅದಕ್ಕೂ ಇರುವ ನಂಟು ಅಷ್ಟಾಗಿ ತಿಳಿದಿಲ್ಲ. ಹೊಗೆಯಲ್ಲಿನ ಅತಿಸೂಕ್ಷ್ಮ ಕಣಗಳು ತಲೆಗೂದಲ ದಪ್ಪದ ಮೂವತ್ತನೆಯ ಒಂದು ಪಾಲಿಗಿಂತಲೂ ಚಿಕ್ಕವು. ಅವು ಶ್ವಾಸಕೋಶದ ಆಳಕ್ಕಿಳಿದು ಉರಿಯೂತವನ್ನುಂಟುಮಾಡುತ್ತವೆ. ರಕ್ತನಾಳಗಳು ಬಿರುಸಾಗುತ್ತವೆ, ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಈ ಬಗೆಯ ಸಾವುಗಳಲ್ಲಿ ಮೂರನೆಯ ಒಂದು ಪಾಲಿನಷ್ಟು ಹೃದ್ರೋಗದಿಂದಲೇ ಆದವು.

ಇಲ್ಲಿಯೇ ಪರಿಸರದ ಕೆಲಸ ಮಾಡುವ ನಮ್ಮ ಜವಾಬ್ದಾರಿ ಬರುತ್ತದೆ. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಹುಟ್ಟಿದ ಅಪ್ಪಿಕೋ ಚಳವಳಿ ‘ಉಳಿಸು, ಬೆಳೆಸು, ಬಳಸು’ ಎಂದಿತು. ಬಳಸುವುದರಲ್ಲಿನ ಹಿತಮಿತವೆಂದರೆ ಸೌದೆ ಉಳಿಸುವ ಒಲೆಯೂ ಹೌದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಕಡಿಮೆ ಸೌದೆಯಲ್ಲಿ ಉರಿದು, ಹೊಗೆಯನ್ನು ಕೊಳವೆಯ ಮೂಲಕ ಮಾಡಿನ ಹೊರಗೆ ಕಳಿಸುತ್ತದೆ. ನಾವು ಅದನ್ನು ಕಾಡಿನ ಹೆಸರಿನಲ್ಲಿ ಪ್ರಚಾರ ಮಾಡಿದೆವು. ಒಲೆಯ ಮುಂದೆ ಕೂತವಳ ಎದೆಯ ಹೆಸರಿನಲ್ಲಿ ಮಾಡಲಿಲ್ಲ. ಹೀಗಾಗಿ ಕೊಳವೆ ತುಕ್ಕು ಹಿಡಿದು ಬಿದ್ದಾಗ ಅದನ್ನು ಮತ್ತೆ ಕೂರಿಸುವ ಅವಸರ ಯಾವ ಯಜಮಾನರಿಗೂ ಕಾಣಲಿಲ್ಲ.

ಇನ್ನೊಂದು ಮಾತು ಅಡಿಕೆ ಬೆಳೆದು ಬದುಕುವ ನಮಗೆ ತುಸು ಇಕ್ಕಟ್ಟಿನದು. ಕವಳದ ತಟ್ಟೆಯಲ್ಲಿರುವ ಹೊಗೆಸೊಪ್ಪನ್ನು ಬಾಯಿಯ ಕ್ಯಾನ್ಸರಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬಾರದು. ಅದರ ನಿಕೋಟಿನ್ ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಬಂದ ನೆಂಟರಿಗೆ ಕವಳ ಕೊಡುವುದು ಮರ್ಯಾದೆ. ಹೊಗೆಸೊಪ್ಪನ್ನು ತಟ್ಟೆಯಿಂದ ತೆಗೆದಿಟ್ಟರೆ ಮರ್ಯಾದೆಗೇನೂ ಕುಂದಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದೆಲಗದ ತಂಬುಳಿ, ಸೊಪ್ಪು, ಹಿತ್ತಿಲ ತರಕಾರಿಗಳ ಊಟ ಒಳ್ಳೆಯದೇ. ತೊಂದರೆ ಇರುವುದು ಉಪ್ಪಿನಲ್ಲಿ. ದಿನಕ್ಕೆ ಒಬ್ಬರಿಗೆ ಒಂದು ಟೀ ಚಮಚದಷ್ಟು, ಅಂದರೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅಪ್ಪೆಮಿಡಿಯ ರಸವನ್ನು ಅನ್ನಕ್ಕೆ ಕಲಸಿಕೊಳ್ಳುವ ಮನೆಯಲ್ಲಿ ಈ ಮಿತಿ ಮಧ್ಯಾಹ್ನದೊಳಗೇ ದಾಟುತ್ತದೆ. ಮಿಡಿ ಒಂದಿರಲಿ, ರಸ ಭರಣಿಯಲ್ಲೇ ಉಳಿಯಲಿ. ವಿದ್ಯಾರ್ಥಿಗಳು ಶಾಲೆಯಿಂದ ಬರುವಾಗ ಕೊಳ್ಳುವ ಪೊಟ್ಟಣದ ತಿಂಡಿಗಳಲ್ಲಿ ಉಪ್ಪಿನ ಜೊತೆಗೆ ತಾಳೆ ಎಣ್ಣೆಯೂ ಇರುತ್ತದೆ. ಆ ಎಣ್ಣೆಗಾಗಿ ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ಮಳೆಕಾಡು ಕಡಿಯಲಾಗಿದೆ ಎಂಬುದನ್ನೂ ಅವರು ತಿಳಿಯಲಿ. ಎರಡು ಮೈಲಿಯೊಳಗಿನ ಶಾಲೆಗೆ ಕಾಲುದಾರಿಯಲ್ಲೇ ನಡೆದರೆ ವ್ಯಾಯಾಮಕ್ಕೆ ಬೇರೆ ಸಮಯ ಹುಡುಕಬೇಕಿಲ್ಲ.

ಇಷ್ಟಾದರೂ ಎದೆನೋವು ಬಂದೀತು. ಎದೆಯ ಹಿಂಡುವಿಕೆ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು ಕಂಡರೆ ‘ವಾಯು’ ಎಂದು ಜೀರಿಗೆ ಕಷಾಯ ಕುಡಿದು ಮಲಗಬಾರದು. 108ಕ್ಕೆ ಕರೆ ಮಾಡಬೇಕು. ಸಿಗ್ನಲ್ ಸಿಗದ ಊರಿನಲ್ಲಿ ಯಾರ ಜೀಪು ಹೊರಡಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ತಲುಪಿದವರಿಗಷ್ಟೇ ಅದರ ಪೂರ್ಣ ಪ್ರಯೋಜನ.

ಮುಂದಿನ ಅಡಿಕೆ ಕೊಯ್ಲಿಗೆ ಮುನ್ನ ನಮ್ಮ ಸಂಘಟನೆ ಮನೆಮನೆಗೆ ಹೋಗಿ ಹೊಗೆಕೊಳವೆ ಇಲ್ಲದ ಒಲೆಗಳನ್ನು ಎಣಿಸಲಿ. ಗಿಡ ನೆಡುವ ಕಾರ್ಯಕ್ರಮಕ್ಕೆ ಬರುವ ವಿದ್ಯಾರ್ಥಿಗಳೇ ಈ ಎಣಿಕೆಯನ್ನೂ ಮಾಡಬಲ್ಲರು. ಬಚ್ಚಲ ಒಲೆ ಮತ್ತು ಅಡಿಕೆ ಒಲೆಗಳನ್ನು ಮಾತ್ರ ಬಿಡಬಾರದು.