ಕಲೆಯ ರೂಪ, ಕಾಲದ ಆದರ್ಶ

ಕಲೆಯು ಕೇವಲ ನೇತ್ರಾನಂದದ ಸಾಧನವಲ್ಲ. ಅದು ಯುಗಧರ್ಮದ ವಾಣಿಯೂ ಹೌದು. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಅರಮನೆಯ ವಿಲಾಸಚಿತ್ರಗಳಿಂದ ವಿಮುಖರಾದ ಕಲಾವಿದರು ಪ್ರಾಚೀನ ಗ್ರೀಸ್ ಮತ್ತು ರೋಮ್‌ಗಳ ಸರಳ ಗಾಂಭೀರ್ಯದತ್ತ ಹೊರಳಿದರು. ವಿಚಾರಯುಗದ ವಿವೇಕ, ಸಂಯಮ, ನಾಡಿನ ಸೇವೆ ಎಂಬ ಆದರ್ಶಗಳಿಗೆ ಆ ನವ-ಅಭಿಜಾತ ಶೈಲಿಯು ರೂಪ ನೀಡಿತು. ಜಾಕ್ ಲೂಯಿ ದಾವೀದನು 1785ರಲ್ಲಿ ಪ್ರದರ್ಶಿಸಿದ ‘ಹೊರೇಷಿಯರ ಪ್ರತಿಜ್ಞೆ’ ಅರಸೊತ್ತಿಗೆಗಾಗಿಯೇ ರಚಿತವಾದ ಚಿತ್ರ. ಆದರೆ 1789ರ ಕ್ರಾಂತಿಯ ತರುವಾಯ ಜನರು ಅದರಲ್ಲಿ ತಮ್ಮದೇ ಪ್ರತಿಜ್ಞೆಯನ್ನು ಕಂಡರು. 1793ರಲ್ಲಿ ಹತನಾದ ಕ್ರಾಂತಿಕಾರಿ ಮರಾನನ್ನು ಹುತಾತ್ಮನಂತೆ ಚಿತ್ರಿಸಿದ ಅದೇ ಕುಂಚವು 1807ರ ವೇಳೆಗೆ ನೆಪೋಲಿಯನ್ನನ ಪಟ್ಟಾಭಿಷೇಕವನ್ನೂ ವೈಭವೀಕರಿಸಿತು. ಶೈಲಿಯೊಂದೇ ಆದರ್ಶವನ್ನು ಕಾಯಲಾರದು. ನೋಡುವವರ ವಿವೇಚನೆಯೂ ಜಾಗೃತವಾಗಿರಬೇಕು.

ಈ ವಿವೇಚನೆಯನ್ನು ಬೆಳೆಸಲು ಪ್ಯಾರಿಸ್ಸಿಗೇ ಹೋಗಬೇಕಿಲ್ಲ. ಇಮ್ಮಡಿ ಭೈರರಸನು 1586ರಲ್ಲಿ ಕಟ್ಟಿಸಿದ ಕಾರ್ಕಳದ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕುಗಳಲ್ಲೂ ಒಂದೇ ಬಗೆಯ ದ್ವಾರಗಳಿವೆ. ಪ್ರವಾಸಕ್ಕೆ ಬರುವ ವಿದ್ಯಾರ್ಥಿಗಳು ಕಂಬಗಳನ್ನೆಣಿಸಿ ಹಿಂತಿರುಗಿದರೆ ಸಾಲದು. ಈ ಸಮತೆಯ ಅರ್ಥವೇನು, ಕಟ್ಟಿಸಿದವನ ಆಶಯವೇನು ಎಂದು ಪ್ರಶ್ನಿಸುವಂತಾಗಬೇಕು. ಶಾಲಾ ಕಟ್ಟಡಗಳಿಗೆ ಉದಾರವಾಗಿ ನೆರವಾಗುವ ದಾನಿಗಳು ಚಿತ್ರಕಲಾ ಶಿಕ್ಷಕರ ನೇಮಕಕ್ಕೂ ಕೈನೀಡುವುದು ಉಚಿತ. ಗೋಡೆ ಮಕ್ಕಳಿಗೆ ನೆರಳಾದೀತು. ನೋಡುವ ಕಣ್ಣನ್ನು ಗುರುವೇ ತೆರೆಸಬೇಕು.